ಮಲ್ಲೇಶ್ವರಿ ಸಿಸ್ಟರ್ ಸಹಿ ಹಾಕಲಿಲ್ಲ

ಹುಣಸಿಬಾವಿಯ ಸರಕಾರಿ ದವಾಖಾನೆಗೆ ಹೆರಿಗೆಗೆಂದು ಬಂದವರು ಮೊದಲು ವಿಚಾರಿಸುತ್ತಿದ್ದದ್ದು ಡಾಕ್ಟರನ್ನಲ್ಲ. "ಮಲ್ಲೇಶ್ವರಿ ಸಿಸ್ಟರ್ ಡ್ಯೂಟಿ ಮ್ಯಾಲ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಇದ್ದಾರೆ ಎಂದು ತಿಳಿದರೆ ಸಾಕು, ಜೊತೆಗೆ ಬಂದ ಅತ್ತೆಯಂದಿರು ಬೇವಿನ ಗಿಡದ ಬುಡದಲ್ಲಿ ಎಲೆಯಡಿಕೆ ಸಂಚಿ ಬಿಚ್ಚಿ ನಿರಾಳವಾಗಿ ಕೂಡುತ್ತಿದ್ದರು. ಶಹಾಪುರ, ಸುರಪುರದ ನಡುವಿನ ಆ ಮೂವತ್ತು ಹಾಸಿಗೆಯ ದವಾಖಾನೆಯಲ್ಲಿ ಅವಳ ದನಿ ಗೇಟಿನತನಕ ಕೇಳುತ್ತಿತ್ತು. ನೋವು ತಿನ್ನುವ ಹೆಣ್ಣುಮಕ್ಕಳನ್ನು ಬೈದೇ ಧೈರ್ಯ ತುಂಬುವ ದನಿ ಅದು.

ಹದಿನೇಳು ವರ್ಷ ಅವಳು ರಂಗಂಪೇಟೆಯಿಂದ ಬೆಳಗಿನ ಬಸ್ಸಿಗೆ ಹೊರಟು ಅಲ್ಲಿ ದುಡಿದಿದ್ದಳು. ಗಂಡ ನಾಗಣ್ಣ ಸುರಪುರದಲ್ಲಿ ನೀರಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು, ಮಾತು ಕಡಿಮೆ. ಮನೆಯಲ್ಲೂ ದವಾಖಾನೆಯಲ್ಲೂ ಮಾತೆಲ್ಲ ಇವಳದೇ. ನರ್ಸುಗಳ ಸಂಘಕ್ಕೆ ಸದಸ್ಯೆಯಾಗಿದ್ದದ್ದು ಹೆಸರಿಗೆ ಮಾತ್ರ. ಯಾದಗಿರಿಯಲ್ಲಿ ಸಭೆ ಇದೆ ಬಾ ಎಂದು ಯಾರಾದರೂ ಕರೆದರೆ, "ನೀವು ಮಾತಾಡ್ಕೊಂತ ಕೂಡ್ರಿ, ಇಲ್ಲಿ ಕೂಸು ಹುಟ್ಟಬೇಕಲ್ಲ" ಅಂದುಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಮಧ್ಯಾಹ್ನ, ಗೋಗಿಯಿಂದ ದೇವಕಮ್ಮ ಎಂಬ ಹೆಣ್ಣುಮಗಳನ್ನು ಕರೆತಂದರು. ದಿನ ತುಂಬಿತ್ತು, ರಕ್ತ ಹೋಗುತ್ತಿತ್ತು. ಇಲ್ಲಿ ಆಗುವ ಕೆಲಸವಲ್ಲ, ಯಾದಗಿರಿಗೆ ಒಯ್ಯಬೇಕು ಎಂದು ಡಾಕ್ಟರು ಹೇಳಿದರು. ಮಲ್ಲೇಶ್ವರಿ ಮತ್ತು ಹೊಸದಾಗಿ ನೌಕರಿಗೆ ಸೇರಿದ್ದ ಸಪ್ನಾ ಇಬ್ಬರೂ ಸ್ಟ್ರೆಚರ್ ತಳ್ಳಿಕೊಂಡು ಇಳಿಜಾರಿನಲ್ಲಿ ಆಂಬುಲೆನ್ಸಿನತ್ತ ಓಡಿದರು. ನಡುದಾರಿಯಲ್ಲಿ ಸ್ಟ್ರೆಚರಿನ ಮುಂಗಾಲು ಮಡಚಿಕೊಂಡಿತು. ದೇವಕಮ್ಮ ತಲೆ ಕೆಳಗಾಗಿ ಜಾರತೊಡಗಿದಳು. ಮಲ್ಲೇಶ್ವರಿ ಹಿಂದೆಮುಂದೆ ನೋಡಲಿಲ್ಲ. ಮೊಣಕಾಲೂರಿ, ಬೆನ್ನು ಕೊಟ್ಟು, ಅಷ್ಟೂ ಭಾರವನ್ನು ಒಬ್ಬಳೇ ತಡೆದು ನಿಂತಳು. ಸೊಂಟದೊಳಗೆ ಒಣಕಟ್ಟಿಗೆ ಮುರಿದ ಹಾಗೆ ಏನೋ ಲಟಕ್ಕೆಂದಿತು. ಅಷ್ಟರಲ್ಲಿ ಡ್ರೈವರ್ ಏಜಾಜ ಓಡಿಬಂದು ಸ್ಟ್ರೆಚರ್ ಎತ್ತಿ ಹಿಡಿದ.

ಆ ನೋವಿನಲ್ಲೇ ಅವಳು ಆಂಬುಲೆನ್ಸ್ ಹತ್ತಿದಳು. ಯಾದಗಿರಿ ಮುಟ್ಟುವತನಕ ಸಲಾಯಿನ್ ಬಾಟಲಿ ಅವಳ ಕೈಯಲ್ಲೇ ಇತ್ತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಸಂಜೆ ತಿರುಗಿ ಬಂದಾಗ ಸಪ್ನಾ ದಾಖಲೆ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದಳು.

"ಅಕ್ಕಾ, ನಿಮಗ ಪೆಟ್ಟಾಗಿದ್ದು ಬರೀಲೇನ್ರಿ?"

"ಏನ್ ಬರೀತಿ? ಬೆನ್ನು ಹಿಡ್ಕೊಂಡದ ಅಂತ ಬರೀತಿಯೇನು? ಬಿಡ, ನಾಳಿ ಹೋಗ್ತದ."

ಅದು ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಎಡಗಾಲು ಜೋಮು ಹಿಡಿಯಿತು. ಕಲಬುರಗಿಯಲ್ಲಿ ಬೆನ್ನುಮೂಳೆಯ ಆಪರೇಷನ್ ಆಯಿತು. ನೋವೇನೋ ಇಳಿಯಿತು, ಆದರೆ ಎಡ ಪಾದ ಮೇಲೆತ್ತಲು ಬಾರದಾಯಿತು. ನಡೆದರೆ ಹೆಬ್ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಿದ್ದಳು. ಪಾದಕ್ಕೆ ಪ್ಲಾಸ್ಟಿಕ್ಕಿನ ಪಟ್ಟಿ ಬಂತು, ಕೈಗೆ ಕೋಲು ಬಂತು. ಭಾರ ಎತ್ತುವಂತಿಲ್ಲ, ತಾಸುಗಟ್ಟಲೆ ನಿಲ್ಲುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ಎಂಟು ತಿಂಗಳು ಮನೆಯಲ್ಲಿ ಕಳೆದ ಮೇಲೆ ಆಫೀಸಿನ ಗುಮಾಸ್ತ ಚೇತನಕುಮಾರ ಒಂದು ದಿನ ತಾನಾಗಿ ರಂಗಂಪೇಟೆಗೆ ಬಂದ. ಕೆಟ್ಟ ಮನುಷ್ಯನೇನಲ್ಲ. ಚಹಾ ಕುಡಿದು, ಕಾಲಿನ ಹಕೀಕತ್ತು ಕೇಳಿ, ಚೀಲದಿಂದ ಕಾಗದ ತೆಗೆದ.

"ಸಿಸ್ಟರ್, ನಿಮ್ಮ ರಜಾ ಎಲ್ಲ ಮುಗೀಲಾಕ ಬಂದಾವ್ರಿ. ನಿಂತು ಡ್ಯೂಟಿ ಮಾಡೂದು ನಿಮ್ಮಿಂದ ಆಗಂಗಿಲ್ಲ. ಇದಕ್ಕೊಂದು ಸಹಿ ಹಾಕಿಬಿಡ್ರಿ. ಅಶಕ್ತ ಅಂತ ನಿವೃತ್ತಿ ಆಗ್ತದ, ಆರಾಮ ಮನ್ಯಾಗ ಇರ್ರಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

ನಾಗಣ್ಣ ಒಳಗಿನಿಂದ ಪೆನ್ನು ತಂದ. "ಸಾಕ ಮಾಡು ಇನ್ನ. ದೇಹ ಎಷ್ಟಂತ ತಡೀತದ?" ಅಂದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು.

ಮಲ್ಲೇಶ್ವರಿ ಪೆನ್ನು ಹಿಡಿದಳು. ಆದರೆ ಡಾಕ್ಟರ ಚೀಟಿ ಓದದೆ ಯಾರಿಗೂ ಒಂದು ಸೂಜಿ ಚುಚ್ಚಿದವಳಲ್ಲ, ಈ ಕಾಗದವನ್ನೂ ಓದಿದಳು. "ನಾನು ಯಾವುದೇ ಕೆಲಸಕ್ಕೂ ಅಶಕ್ತಳಾಗಿದ್ದು, ಸ್ವಇಚ್ಛೆಯಿಂದ ನಿವೃತ್ತಿ ಬಯಸುತ್ತೇನೆ" ಎಂದಿತ್ತು. "ಯಾವುದೇ ಕೆಲಸಕ್ಕೂ" ಎಂಬ ಮಾತಿನ ಮೇಲೆ ಬೆರಳಿಟ್ಟಳು.

"ಇದು ಸುಳ್ಳದ ಚೇತನಕುಮಾರ. ಕಾಲು ಹೋಗ್ಯಾದ, ಖರೆ. ಕೈ ಅದಾವ, ತಲಿ ಅದ. ಎರಡು ದಿನ ತಡೀರಿ."

ಅವನು ಹೋದ ಮೇಲೆ ಯಾರನ್ನು ಕೇಳುವುದು ಎಂಬುದೇ ಅವಳಿಗೆ ತೋಚಲಿಲ್ಲ. ಸಂಘದ ಜಿಲ್ಲಾ ಕಾರ್ಯದರ್ಶಿ ನಜೀಮಾ ನೆನಪಾದಳು. ಶಹಾಪುರದಲ್ಲಿ ನರ್ಸ್ ಆಗಿದ್ದವಳು. ಮಲ್ಲೇಶ್ವರಿಯನ್ನು ಸಭೆಗೆ ಕರೆದು ಕರೆದು ಸಾಕಾದವಳು. ನಾಚುತ್ತಲೇ ಫೋನ್ ಹಚ್ಚಿದಳು. ನಜೀಮಾ ಹಳೆಯದನ್ನು ಎತ್ತಿ ಆಡಲಿಲ್ಲ. ಕೇಳಿದ್ದು ಒಂದೇ ಮಾತು: "ಸಹಿ ಹಾಕಿಯೇನು?"

"ಇಲ್ಲ."

"ಹಾಂ, ಅಷ್ಟು ಸಾಕು. ನಾಳಿ ಬರ್ತೀನಿ."

ಮರುದಿನ ಹನ್ನೊಂದರ ಬಸ್ಸಿಗೆ ನಜೀಮಾ ಬಂದಳು. ಕನ್ನಡದಲ್ಲಿ ಅಚ್ಚಾದ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರತಿಯೊಂದನ್ನು ತಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಕೈ ತೊಳೆದು ವಿಷಯಕ್ಕೆ ಬಂದಳು.

"ನೋಡ, ಇದರಾಗ ಮೂರು ಮಾತು ಅದಾವ. ಮಂದಿ ಮೂರನ್ನೂ ಕಲಸಿ ಗೊಜ್ಜು ಮಾಡ್ತಾರ. ಒಂದು ರಜಾ. ಡ್ಯೂಟಿ ಮ್ಯಾಲ ಪೆಟ್ಟಾದವರಿಗೆ ಬ್ಯಾರೇನೇ ರಜಾ ಅದ, ಅದನ್ನ ಅರ್ಜಿ ಹಾಕಿ ಕೇಳಬೇಕು. ಎರಡನೇದು ನೌಕರಿ. ಸರಕಾರಿ ನೌಕರಿಯಾಗ ಇದ್ದಾಗ ಅಂಗವಿಕಲತಿ ಬಂತು ಅಂದ್ರ ಅದೇ ಕಾರಣಕ್ಕ ತಗದು ಹಾಕಂಗಿಲ್ಲ, ದರ್ಜಾ ಇಳಸಂಗಿಲ್ಲ. ಆ ಕೆಲಸ ಆಗಂಗಿಲ್ಲಾ? ಅದೇ ಸಂಬಳದ ಬ್ಯಾರೆ ಹುದ್ದಿ ಕೊಡಬೇಕು. ಅಂಥ ಹುದ್ದಿ ಖಾಲಿ ಇಲ್ಲಾ? ಖಾಲಿ ಆಗೂತನಕ ಹೆಚ್ಚುವರಿ ಹುದ್ದಿ ಮಾಡಿ ಇಟ್ಕೋಬೇಕು. ನಿವೃತ್ತಿ ಮೂರನೇದು. ಅದು ಕಡೀ ಬಾಗಿಲ. ಅವರು ನಿನ್ನ ಸೀದಾ ಅಲ್ಲಿಗೇ ಒಯ್ದು ನಿಲ್ಲಿಸ್ಯಾರ."

"ಚೇತನಕುಮಾರ ಮೋಸ ಮಾಡಿದನೇನು?"

"ಮೋಸ ಅಲ್ಲ. ಅವನಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲಂದ್ರ ಯಾರು ಹೇಳಬೇಕು?"

ಕಾಯ್ದೆಯ ಇಪ್ಪತ್ತನೆಯ ಕಲಮು ತೆರೆದು ಅವಳ ಮುಂದಿಟ್ಟಳು. "ನಾ ಹೇಳಿದ್ದು ನಂಬಬ್ಯಾಡ. ನೀನೇ ಓದು."

ಮಲ್ಲೇಶ್ವರಿ ಆ ಪುಟವನ್ನು ನಾಲ್ಕು ಸಲ ಓದಿದಳು. ಕಾನೂನಿನ ಕನ್ನಡ ಕಬ್ಬಿಣದ ಕಡಲೆಯೇ. ಆದರೂ ನರ್ಸಿಂಗ್ ಓದುವಾಗ ಎಲುಬಿನ ಹೆಸರು ಬಾಯಿಪಾಠ ಮಾಡಿದ ಹಟ ಇನ್ನೂ ಇತ್ತು. ಎರಡು ದಿನದಲ್ಲಿ ಅದು ಅವಳ ಬಾಯಲ್ಲಿತ್ತು. ಆಮೇಲೆ ಇನ್ನೊಂದು ಹಾಳೆ ತೆಗೆದು, ಕೂತು ಮಾಡಬಹುದಾದ ನರ್ಸಿನ ಕೆಲಸ ಯಾವ್ಯಾವುದು ಎಂದು ಬರೆಯತೊಡಗಿದಳು. ಲಸಿಕೆ ದಾಸ್ತಾನು. ಗರ್ಭಿಣಿಯರ ತಪಾಸಣೆಯ ದಾಖಲೆ. ಬಂದ ರೋಗಿಯಲ್ಲಿ ಯಾರಿಗೆ ತುರ್ತು ಎಂದು ವಿಂಗಡಿಸುವ ಮೇಜು. ಹೊಸ ನರ್ಸುಗಳಿಗೆ ತರಬೇತಿ. ಬರೆಯುತ್ತ ಹೋದಂತೆ ಅವಳಿಗೇ ನಗು ಬಂತು. ಇಷ್ಟೆಲ್ಲ ಕೆಲಸ ಮಾಡಲು ಜನವಿಲ್ಲವೆಂದು ದವಾಖಾನೆಯಲ್ಲಿ ದಿನಾ ಗೋಳಾಡುತ್ತಿದ್ದರಲ್ಲ!

ಸೋಮವಾರ ಆಡಳಿತ ವೈದ್ಯಾಧಿಕಾರಿಯ ಕೋಣೆಗೆ ಹೋದಳು. ನಜೀಮಾ ಜೊತೆಗಿದ್ದಳು. "ನೀ ಸುಮ್ಮ ಕೂಡು, ಮಾತು ನಾ ಆಡ್ತೀನಿ" ಎಂದು ಮಲ್ಲೇಶ್ವರಿ ಬಾಗಿಲಲ್ಲೇ ಅವಳಿಗೆ ತಾಕೀತು ಮಾಡಿದ್ದಳು.

"ಸರ್, ನಾನು ನಿವೃತ್ತಿ ಕೇಳಂಗಿಲ್ಲ. ಬ್ಯಾರೆ ಹುದ್ದಿ ಕೇಳಾಕತ್ತೇನಿ."

ವೈದ್ಯಾಧಿಕಾರಿ ಕನ್ನಡಕ ತೆಗೆದರು. "ಸಿಸ್ಟರ್, ನರ್ಸಿಗೆ ಕೂತು ಮಾಡೋ ಹುದ್ದೆ ಅಂತ ಯಾವುದೂ ಇಲ್ಲವಲ್ಲ."

ಮಲ್ಲೇಶ್ವರಿ ತನ್ನ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ಓದಿದರು. ಬದಿಗೆ ನಿಂತಿದ್ದ ಚೇತನಕುಮಾರ, "ನಮ್ಮ ಆಫೀಸಿನಾಗ ಹಿಂಗ ಯಾರಿಗೂ ಮಾಡಿಲ್ರಿ" ಎಂದ.

"ಹಂಗಾರ ನನ್ನಿಂದ ಸುರು ಮಾಡ್ರಿ" ಎಂದು ಹೇಳಿ, ಕಲಮನ್ನು ಮೊದಲಿಂದ ಕೊನೆಯತನಕ ಪುಸ್ತಕ ನೋಡದೆ ಒಪ್ಪಿಸಿದಳು. ಹೆರಿಗೆ ವಾರ್ಡಿನ ಅದೇ ದನಿ. ಹೊರಗೆ ಸಾಲಿನಲ್ಲಿ ನಿಂತ ರೋಗಿಗಳು ಬಾಗಿಲಿನತ್ತ ತಿರುಗಿ ನೋಡಿದರು. ವೈದ್ಯಾಧಿಕಾರಿ ಅವಳ ಹಾಳೆಯನ್ನು ಕಡತದಲ್ಲಿಟ್ಟು, "ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ತನ್ನಿ. ನಾನು ಶಿಫಾರಸು ಬರೀತೇನೆ" ಅಂದರು.

ಮಂಡಳಿಯ ಮುಂದೆ ಹಾಜರಾಗಲು ಯಾದಗಿರಿಗೆ ಹೋಗುವ ದಿನ ನಾಗಣ್ಣ ಅಂಗಡಿಗೆ ಕೀಲಿ ಹಾಕಿ ಜೊತೆಗೆ ಬಂದ. ಬಸ್ಸಿನಲ್ಲಿ ಮೆಲ್ಲಗೆ, "ಅಲ್ಲಿ ನಡೀವಾಗ ಇನ್ನೊಂದೀಟು ಕುಂಟಿ ತೋರಸು ಅಂತಾರ ಎಲ್ಲರೂ" ಎಂದ.

"ಮಂದಿ ನೋವು ಅಳೆದವಳು ನಾನು. ನನ್ನ ನೋವಿನ ತೂಕದಾಗ ಕೈ ಇಡಲೇನು? ಹೆಂಗ ನಡೀತೀನೋ ಹಂಗೇ ನಡೀತೀನಿ."

ಹಾಗೆಯೇ ನಡೆದಳು. ಕೋಲಿನೊಂದಿಗೆ ಒಮ್ಮೆ, ಕೋಲಿಲ್ಲದೆ ಒಮ್ಮೆ. ಮೂವರು ಡಾಕ್ಟರು ಪಾದ ಒತ್ತಿ ನೋಡಿದರು, ಸ್ಕ್ಯಾನ್ ಎತ್ತಿ ಹಿಡಿದು ನೋಡಿದರು. ಅಂಗವಿಕಲತೆ ಶೇಕಡಾ ನಲವತ್ತೈದು ಎಂದು ಬರೆದರು. ಹೊರಗಿನ ಬೆಂಚಿನಲ್ಲಿ ಕೂತು ಅವಳು ಆ ಅಂಕಿಯನ್ನು ಮತ್ತೆ ಮತ್ತೆ ಓದಿದಳು. ಇಷ್ಟು ದಿನ ಕಾಲು ಸರಿಹೋಗಬಹುದೆಂಬ ಆಸೆ ಒಳಗೆಲ್ಲೋ ಕೂತಿತ್ತು. ನಾಗಣ್ಣ ಒಂದು ಲೋಟ ಕಬ್ಬಿನ ಹಾಲು ತಂದು ಕೈಗಿತ್ತ. ಕುಡಿದು ಎದ್ದಳು.

ಹುದ್ದೆಯ ಕಡತ ಮುಂದಕ್ಕೆ ಹೋಯಿತು. ಅದರ ಜೊತೆಗೇ ಹಾಕಿದ್ದ ರಜೆಯ ಅರ್ಜಿ ಮಾತ್ರ ತಿರುಗಿ ಬಂತು. ಡ್ಯೂಟಿಯ ಮೇಲೆ ಗಾಯವಾದದ್ದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದ್ದರು. ದಾಖಲೆ ಇರಲಿಲ್ಲ. ಬರೆಯಬೇಡ ಎಂದವಳೇ ಅವಳು. ಅಂದಿನಷ್ಟು ಕೋಪ ಅವಳಿಗೆ ಯಾರ ಮೇಲೂ ಬಂದಿರಲಿಲ್ಲ, ಬಂದದ್ದು ತನ್ನ ಮೇಲೆಯೇ. ನಜೀಮಾ, "ಅಳುಕಬ್ಯಾಡ, ಕಂಡವರು ಬದುಕ್ಯಾರಲ್ಲ" ಎಂದಳು. ಸಪ್ನಾ ತಾನು ಕಂಡದ್ದನ್ನು ಬರೆದುಕೊಟ್ಟಳು. ಏಜಾಜ ಆ ದಿನದ ಆಂಬುಲೆನ್ಸ್ ಓಡಾಟದ ಪುಟ ಹುಡುಕಿ ತೆಗೆದ. ಗೋಗಿಯಿಂದ ದೇವಕಮ್ಮ, ಹೊಲದ ಕೆಲಸ ಬಿಟ್ಟು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ತಾನೇ ಆಟೋ ಹತ್ತಿ ಬಂದಳು.

"ನಾ ಬೀಳಬೇಕಾಗಿತ್ರಿ. ಈಯಕ್ಕ ಬೆನ್ನು ಕೊಟ್ಟಳು. ಎಲ್ಲಿ ಬೇಕಾದ್ರೂ ಹೇಳ್ತೀನಿ" ಎಂದು ಚೇತನಕುಮಾರನ ಎದುರಿಗೆ ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದಳು. ಆ ಮೂರೂ ಕಾಗದಗಳನ್ನು ಚೇತನಕುಮಾರನೇ ಜೋಡಿಸಿ, ಲಗತ್ತುಗಳಿಗೆ ಕ್ರಮಸಂಖ್ಯೆ ಹಾಕಿ, ಟಪಾಲಿಗೆ ಕೊಡದೆ ಕೈಯಾರೆ ಯಾದಗಿರಿಗೆ ಒಯ್ದು ಮುಟ್ಟಿಸಿದ.

ರಜೆಯ ಆದೇಶ ಬಂದಾಗ ಅದರಲ್ಲಿ ಮನೆಯಲ್ಲಿದ್ದ ಎಂಟು ತಿಂಗಳ ಪೈಕಿ ನಾಲ್ಕನ್ನಷ್ಟೇ ಒಪ್ಪಿದ್ದರು, ಉಳಿದ ನಾಲ್ಕು ಅವಳ ಸ್ವಂತ ರಜೆಯಲ್ಲೇ ಹೋದವು. ಅದಕ್ಕೆ ಮೇಲ್ಮನವಿ ಹಾಕಿದ್ದಾಳೆ, ಇನ್ನೂ ಜವಾಬು ಬಂದಿಲ್ಲ. ಹುದ್ದೆಯ ಆದೇಶ ಮಾತ್ರ ಪೂರ್ತಿ ಬಂತು. ಅದೇ ದರ್ಜೆ, ಅದೇ ವೇತನಶ್ರೇಣಿ. ಹುಣಸಿಬಾವಿಯಲ್ಲೇ ಲಸಿಕೆ ದಾಸ್ತಾನು ಮತ್ತು ತರಬೇತಿಯ ಹೊಣೆ. ತಾಸಿಗೊಮ್ಮೆ ಎದ್ದು ಓಡಾಡಲು ಬಿಡುವು, ಬೆನ್ನಿಗೆ ಒರಗುವ ಕುರ್ಚಿ ಎಂದು ಆದೇಶದಲ್ಲೇ ಬರೆದಿದ್ದರು. ಕುರ್ಚಿ ಬರಲು ತಡವಾಯಿತು. ಅಲ್ಲಿತನಕ ನಾಗಣ್ಣ ಅಂಗಡಿಯ ಕುರ್ಚಿಗೆ ಗಾದಿ ಕಟ್ಟಿ ತಂದಿಟ್ಟ.

ಸಂಘದ ಸಭೆಗೂ ಈಗ ತಪ್ಪದೆ ಹೋಗುತ್ತಾಳೆ. ಅಲ್ಲಿ ರಜೆ ಯಾವುದು, ಹುದ್ದೆ ಯಾವುದು, ನಿವೃತ್ತಿ ಯಾವುದು ಎಂದು ಬಿಡಿಸಿ ಹೇಳುವ ಕೆಲಸವನ್ನು ನಜೀಮಾ ಅವಳಿಗೇ ವಹಿಸಿದ್ದಾಳೆ. ಮಧುಮೇಹದಿಂದ ಕಣ್ಣು ಮಂಜಾದ ಬೋನಾಳ ಊರಿನ ನರ್ಸೊಬ್ಬಳ ಅರ್ಜಿ ಸದ್ಯ ಅವಳ ಕೈಯಲ್ಲಿದೆ.

ಹೋದ ಗುರುವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬೆಳಿಗ್ಗೆಯೇ ಕರೆಂಟು ಹೋಗಿತ್ತು, ಜನರೇಟರ್ ಕೆಮ್ಮಿ ನಿಂತಿತ್ತು. ಹೊಸದಾಗಿ ಬಂದ ಡಾಕ್ಟರು, "ಅರ್ಧ ತಾಸಿನಲ್ಲಿ ಏನಾಗುತ್ತೆ ಸಿಸ್ಟರ್, ಕಾಯೋಣ" ಎಂದರು. ಮಲ್ಲೇಶ್ವರಿ ಫ್ರಿಜ್ಜಿನ ತಾಪಮಾಪಕ ನೋಡಿ ಅವರಿಗೂ ತೋರಿಸಿದಳು. "ಏಳು ಡಿಗ್ರಿ ಅದ ಸರ್. ಎಂಟು ದಾಟಬಾರದು. ಕಾಯೂದಿಲ್ಲ." ಸಪ್ನಾಳಿಂದ ಐಸ್ ಪೆಟ್ಟಿಗೆಗಳನ್ನು ತರಿಸಿ, ಕೂತಲ್ಲೇ ಬಾಟಲಿಗಳನ್ನು ಎಣಿಸಿ ತುಂಬಿಸಿದಳು. ನಾಗಣ್ಣನಿಗೆ ಫೋನ್ ಮಾಡಿ ಜನರೇಟರಿನ ಲಕ್ಷಣ ಹೇಳಿದಳು. ಅವನು ಸುರಪುರದಿಂದ ಬಂದು ಅದನ್ನು ಬಿಚ್ಚುವಷ್ಟರಲ್ಲಿ ಹಳ್ಳಿಗಳಿಗೆ ಹೋಗಬೇಕಾದ ಪೆಟ್ಟಿಗೆಗಳು ಏಜಾಜನ ಗಾಡಿ ಏರಿದ್ದವು.

ಬೇವಿನ ಗಿಡದ ಕೆಳಗೆ ತಾಯಂದಿರು ಮಕ್ಕಳನ್ನೆತ್ತಿಕೊಂಡು ಕೂತಿದ್ದರು. ಮಲ್ಲೇಶ್ವರಿ ಕಿಟಕಿ ತೆರೆದು ಕೂಗಿದಳು: "ಒಂದನೇ ನಂಬರ್ ಯಾರವ್ವಾ? ಕೂಸಿನ ಕಾರ್ಡ್ ಕೈಯಾಗ ಹಿಡ್ಕೊಂಡು ಬರ್ರಿ!"