ಓಡುವ ಗಾಡಿಗೆ ಮಾತ್ರ

ಗುಂಡ್ಲುಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾರು ಸತ್ತರೆ ಅದಕ್ಕೂ ಒಂದು ಶಾಸ್ತ್ರವಿತ್ತು. ಮಾಲೀಕ ಅದನ್ನು ಅಬ್ದುಲ್ ಜಬ್ಬಾರನ ಶೆಡ್ಡಿಗೆ ತಳ್ಳಿಸಿಕೊಂಡು ಬಂದು ಬಾನೆಟ್ಟಿನ ಮುಂದೆ ತೆಂಗಿನಕಾಯಿ ಒಡೆಯುತ್ತಿದ್ದ. ಆಮೇಲೆ ಉಳಿದ ಡ್ರೈವರುಗಳು ತಮತಮಗೆ ಬೇಕಾದ್ದನ್ನು ಕೇಳುತ್ತಿದ್ದರು. ಒಬ್ಬನಿಗೆ ಡೈನಮೋ, ಇನ್ನೊಬ್ಬನಿಗೆ ರೇಡಿಯೇಟರ್, ಬಾಗಿಲಿಗೆ ಹಗ್ಗ ಕಟ್ಟಿಕೊಂಡು ಓಡಿಸುತ್ತಿದ್ದವನಿಗೆ ಬಾಗಿಲು. ಉಳಿದ ತಗಡು ಗುಜರಿಗೆ. ಇದಕ್ಕೆ ಪಾಲು ಹಾಕುವುದು ಎಂದು ಹೆಸರು. ಪಾಲು ಹಾಕುವ ಯಜಮಾನಿಕೆ ಮೆಕ್ಯಾನಿಕ್ ಜಬ್ಬಾರನದು. ಹುಡುಗನಾಗಿದ್ದಾಗಿನಿಂದ ಅವನ ಕೈ ಗ್ರೀಸಿನಲ್ಲೇ ಇತ್ತು. ಊರಿನ ಕಾರುಗಳನ್ನೆಲ್ಲ ಎಬ್ಬಿಸಿ ನಿಲ್ಲಿಸುವ ಈ ಕೈ ಮನೆಯ ಸೋರುವ ನಲ್ಲಿಯ ತನಕ ಬರಲೇ ಇಲ್ಲ ಎಂದು ಹೆಂಡತಿ ನಾಸಿರಾ ಗೊಣಗುತ್ತಿದ್ದಳು. ಗೊಣಗಾಟದಲ್ಲಿ ನ್ಯಾಯವೂ ಇತ್ತು.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಸರ್ಕಾರದ ಕಣ್ಣು ಹಳೆಯ ಕಾರುಗಳ ಮೇಲೆ ಬಿತ್ತು. ಇವು ಕಂಡಾಪಟ್ಟೆ ಪೆಟ್ರೋಲ್ ಕುಡಿಯುತ್ತವೆ, ಹೊಗೆ ಕಾರುತ್ತವೆ, ಒಪ್ಪಿಸಿ ಹೊಸದು ಕೊಂಡರೆ ಸಬ್ಸಿಡಿ ಕೊಡುತ್ತೇವೆ ಎಂದಿತು. ಕುಡಿಯುತ್ತಿದ್ದುದು ಸುಳ್ಳಲ್ಲ. ಆದರೆ ಸಬ್ಸಿಡಿ ಕಳೆದು ಮಿಕ್ಕಿದ್ದನ್ನು ಕೈಯಿಂದ ಹಾಕಬೇಕಲ್ಲ? ಹಾಕಬಲ್ಲವರು ಹಾಕಿದರು. ಒಪ್ಪಿಸಿದ ಕಾರನ್ನು ಒಂದು ನಟ್ಟೂ ಬಿಡದೆ ಪುಡಿ ಮಾಡಬೇಕೆಂಬುದು ನಿಯಮ. ಬಿಟ್ಟರೆ ಅದು ಹಿತ್ತಿಲ ಬಾಗಿಲಿಂದ ಮತ್ತೆ ರಸ್ತೆಗೆ ಬರುತ್ತದಂತೆ. ಹಾಗೆ ಒಂದೊಂದೇ ಕಾರು ಪುಡಿಯಾಗಿ, ಶೆಡ್ಡಿನಲ್ಲಿ ಪಾಲು ಹಾಕುವುದು ನಿಂತೇಹೋಯಿತು. ಇದ್ದವರಿಗೆ ಹೊಸದು ಬಂತು, ಇಲ್ಲದವರಿಗೆ ಹಳೆಯದೂ ಹೋಯಿತು.

ಇಲ್ಲದವರಲ್ಲಿ ಮೊದಲಿಗ ಮಾದಣ್ಣ. ಅದೇ ತಾಲ್ಲೂಕಿನ ಮದ್ದೂರು ಕಡೆಯ ಕಾಡಂಚಿನ ಹಳ್ಳಿಗಳಿಗೆ ಬಾಡಿಗೆ ಹೊಡೆಯುತ್ತಿದ್ದವನು. ಗೇರ್ ಬಾಕ್ಸ್ ಒಡೆದು ಅವನ ಅಂಬಾಸಿಡರ್ ಜಬ್ಬಾರನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. ಹೊಸ ಗೇರ್ ಬಾಕ್ಸ್ ಮೈಸೂರಿನಲ್ಲಿ ಸಿಗುತ್ತಿತ್ತು, ಮಾದಣ್ಣನ ಕೈಗೆ ಎಟುಕುತ್ತಿರಲಿಲ್ಲ. ಕಾರು ಓಡಿದರೆ ಒಲೆ ಉರಿಯುವ ಬಾಳು ಅವನದು. ದಿನಾ ಬಂದು, ಸ್ವಲ್ಪ ಹೊತ್ತು ಕೂತು, ಏನೂ ಕೇಳದೆ ಎದ್ದು ಹೋಗುತ್ತಿದ್ದ. ಕೇಳಿದ್ದರೆ ಜಬ್ಬಾರನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ನಂಜುಂಡಪ್ಪ ಬಂದ. ಹಲವು ಟ್ಯಾಕ್ಸಿಗಳ ಮಾಲೀಕ, ತನ್ನ ಕೊನೆಯ ಅಂಬಾಸಿಡರನ್ನೂ ಸರ್ಕಾರಕ್ಕೆ ಒಪ್ಪಿಸಲು ಹೊರಟಿದ್ದ.

"ಹೆಂಗೂ ಪುಡಿ ಮಾಡೋ ಗಾಡಿ ಕಣ ಜಬ್ಬಾರು. ನಿಂಗೆ ಬೇಕಾದ್ದ ಬಿಚ್ಕೊ. ಒಳಗೇನದೆ ಅಂತ ಯಾರ್ ನೋಡರು," ಎಂದ.

ಜಬ್ಬಾರ್ ಹಿಂದೆ ಮುಂದೆ ಯೋಚಿಸಲಿಲ್ಲ. ಯೋಚಿಸಬೇಕಿತ್ತು. ಎಷ್ಟೋ ತಿಂಗಳ ಮೇಲೆ ಶೆಡ್ಡಿನಲ್ಲಿ ಕಾಯಿ ಒಡೆಸಿ, ನಂಜುಂಡಪ್ಪನ ಗೇರ್ ಬಾಕ್ಸನ್ನು ಮಾದಣ್ಣನ ಕಾರಿಗೂ ಮಾದಣ್ಣನ ಒಡಕಲನ್ನು ನಂಜುಂಡಪ್ಪನ ಕಾರಿಗೂ ಹಾಕಿದ. ಮಾದಣ್ಣ ಬೇಗೂರಿನ ತನಕ ಓಡಿಸಿಕೊಂಡು ಹೋಗಿ ಬಂದು, "ಬೆಣ್ಣೆ ಕಣ ಭಾಯಿ, ಬೆಣ್ಣೆ," ಎಂದ. ಆ ವಾರವೆಲ್ಲ ಅವನಿಗೆ ಬಿಡುವಿಲ್ಲದ ಬಾಡಿಗೆ.

ವಾರ ಕಳೆದ ಮೇಲೆ ನಂಜುಂಡಪ್ಪ ಮುಖ ಊದಿಸಿಕೊಂಡು ಬಂದ. ಕಾರನ್ನು ಲಾರಿಗೆ ಕಟ್ಟಿ ಚಾಮರಾಜನಗರದಲ್ಲಿ ಹಳೆಯ ಕಾರು ಒಪ್ಪಿಸಿಕೊಳ್ಳುವ ಯಾರ್ಡಿಗೆ ಎಳೆಸಿಕೊಂಡು ಹೋದರೆ ಗೇಟಿನಲ್ಲೇ ತಿರುಗಿಸಿ ಕಳಿಸಿದ್ದರು. ಸಬ್ಸಿಡಿ ಓಡುವ ಗಾಡಿಗೆ ಮಾತ್ರ. ಕೆಟ್ಟು ನಿಂತದ್ದು ಪೆಟ್ರೋಲನ್ನೂ ಕುಡಿಯುವುದಿಲ್ಲ, ಹೊಗೆಯನ್ನೂ ಬಿಡುವುದಿಲ್ಲ, ಅದಕ್ಕೇಕೆ ದುಡ್ಡು ಎಂಬುದು ಅವರ ವಾದ. ವಾದದಲ್ಲಿ ತಪ್ಪಿರಲಿಲ್ಲ, ಸಂಕಟವಿದ್ದದ್ದೇ ಅಲ್ಲಿ.

"ಬಿಚ್ಕೊ ಅಂದೋನು ನಾನೇಯ, ಒಪ್ಕತೀನಿ. ಆದ್ರೆ ಹೊಸ ಗಾಡಿಗೆ ಅಡ್ವಾನ್ಸ್ ಕೊಟ್ಬುಟ್ಟಿವ್ನಿ. ವಾಪಸ್ ಹಾಕ್ಬುಡು ಕಣ," ಎಂದ ನಂಜುಂಡಪ್ಪ. ಅವನೂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಜಬ್ಬಾರ್ ಸ್ಟ್ಯಾಂಡಿಗೆ ಹೋಗಿ ಮಾದಣ್ಣನಿಗೆ ಎಲ್ಲವನ್ನೂ ಹೇಳಿದ. ಮಾದಣ್ಣ ಸ್ಟೀರಿಂಗ್ ಹಿಡಿದು ಕೂತಲ್ಲಿಂದಲೇ ಕೇಳಿದ:

"ಈಗ ನನ್ ಗಾಡೀನೂ ಓಡ್ತದಲ್ಲ ಭಾಯಿ. ಇದನ್ನೇ ಒಪ್ಪಿಸ್ಬುಟ್ರೆ?"

"ಒಪ್ಪಿಸ್ಬುಟ್ಟು? ಹೊಸದಕ್ಕೆ ಮಿಕ್ಕಿದ್ದ ಎಲ್ಲಿಂದ ತತ್ತೀಯ ಮಾದಣ್ಣ?"

ಮಾದಣ್ಣ ಬೀಗದ ಕೈ ತೆಗೆದು ಜಬ್ಬಾರನ ಅಂಗೈಗೆ ಹಾಕಿದ. "ಅವ್ರದ್ದ ಅವ್ರಿಗೆ ಹಾಕ್ಬುಡು," ಎಂದ.

ಮನಸ್ಸಿಲ್ಲದ ಮನಸ್ಸಿನಿಂದ ಜಬ್ಬಾರ್ ಬಿಚ್ಚಿದ, ಮತ್ತೆ ಜೋಡಿಸಿದ. ಯಾರ್ಡಿನ ತನಕ ಓಡಿಸಲು ನಂಜುಂಡಪ್ಪ ಮಾದಣ್ಣನನ್ನೇ ಕಳಿಸಿದ; ಕೆಲಸವಿಲ್ಲದ ಡ್ರೈವರ್ ಊರಿನಲ್ಲಿ ಬೇರೆ ಯಾರಿದ್ದರು? ಪಕ್ಕದಲ್ಲಿ ಜಬ್ಬಾರ್ ಕೂತ. ಕಾರು ತೆರಕಣಾಂಬಿ ದಾಟಿತು. ಗೇರುಗಳು ಒಂದಿಷ್ಟೂ ಸದ್ದಿಲ್ಲದೆ ಬೀಳುತ್ತಿದ್ದವು. ಅದನ್ನು ಕೇಳುತ್ತ ಕೂರುವುದು ಜಬ್ಬಾರನಿಗೆ ಹಿಂಸೆಯಾಗಿತ್ತು.

ಯಾರ್ಡಿನವರು ಕಾರು ಓಡುವುದನ್ನು ನೋಡಿ ತಲೆಯಾಡಿಸಿದರು. ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಇಳಿಸಿ ನೆಲದ ಮೇಲಿಟ್ಟರು. ಒಡೆದು ತೋರಿಸುವುದು ತಂದವರ ಕೆಲಸವೆಂದು ದೊಡ್ಡ ಸುತ್ತಿಗೆಯೊಂದನ್ನು ಜಬ್ಬಾರನ ಕೈಗೆ ಕೊಟ್ಟರು. ಜಬ್ಬಾರ್ ಅದನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಅವನಿಂದಾಗಲಿಲ್ಲ.

"ಕೊಡಿಲ್ಲಿ ಭಾಯಿ," ಎಂದು ಮಾದಣ್ಣ ಸುತ್ತಿಗೆ ಈಸಿಕೊಂಡ. "ಜೋಡ್ಸೋ ಕೈ ನಿಂದು. ಈ ಕೆಲ್ಸ ನಿಂಗ್ ಬ್ಯಾಡ."

ಗೇರ್ ಬಾಕ್ಸ್ ಬಿರಿದು, ಒಳಗಿನ ಹಲ್ಲುಚಕ್ರಗಳು ಎಣ್ಣೆಯ ಸಮೇತ ಮಣ್ಣಿಗೆ ಚೆಲ್ಲುವ ತನಕ ಮಾದಣ್ಣ ಹೊಡೆದ. ಜಬ್ಬಾರ್ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆಯ ಬಸ್ಸಿಗೆ ಕಾಯುವಾಗ ಮಾದಣ್ಣ ಕೇಳಿದ: "ನಾಳಿಂದ ನಿನ್ ಶೆಡ್ಡಲ್ಲಿ ನಂಗೇನಾರ ಕೆಲ್ಸ ಇದ್ದದಾ ಭಾಯಿ?"

ಹೊಸ ಕಾರುಗಳು ರಿಪೇರಿಗೆ ಮೈಸೂರಿಗೇ ಹೋಗುತ್ತಿದ್ದವು. ಜಬ್ಬಾರನ ಶೆಡ್ಡಿನಲ್ಲಿ ಇನ್ನು ಉಳಿದದ್ದು ಮಾದಣ್ಣನ ಓಡದ ಕಾರು ಒಂದೇ.

"ಅದೆ ಕಣ, ಬಾ," ಎಂದ ಜಬ್ಬಾರ್.