ಆ ಅಪ್ಪ ಯಾಕೆ ಬೇಡ ಅಂದ?

"ಈ ಬುಕ್ ನಮ್ಮ ಮನ್ಯಾಗ ಬ್ಯಾಡ್ರಿ ಮೇಡಮ್ಮಾರ. ನೀವೇ ಇಟ್ಕೊರ್ರಿ."

ಆ ಹೆಂಗಸು ಕಾದಂಬರಿಯನ್ನು ನನ್ನ ಟೇಬಲ್ ಮೇಲೆ ದಪ್ಪಂತ ಇಟ್ಟಾಗ ಸ್ಟಾಫ್ ರೂಮಿನಲ್ಲಿ ಎಲ್ಲರ ಚಹಾ ಕಪ್ಪೂ ತುಟಿಯ ಹತ್ತಿರವೇ ನಿಂತಿತು.

ಶಹಾಪುರದ ಈ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ ತಲೆ ಹಣ್ಣಾಗಿದೆ. ಪುಸ್ತಕ ಕಳೆದುಹೋಯಿತು ಅಂದವರನ್ನು ಕಂಡಿದ್ದೇನೆ. ಆಡು ತಿಂದಿತು ಅಂದವರನ್ನೂ ಕಂಡಿದ್ದೇನೆ (ನಂಬಿ, ತಿಂದಿತ್ತು). ಪುಸ್ತಕದಿಂದ ಮನೆ ಕೆಟ್ಟಿತು ಅಂತ ದೂರು ತಂದವರು ಇವರೇ ಮೊದಲು.

ಹೆಸರು ನಾಗಮ್ಮ. ಹತ್ತಿರದ ಗೋಗಿ ಊರಿನವರು. ನಮ್ಮ ಬಿ.ಎ. ಕೊನೆಯ ವರ್ಷದ ರೇಣುಕಾಳ ತಾಯಿ. ಗಂಡ ಶಿವಪ್ಪನವರದು ಪಂಚಾಯಿತಿಯಲ್ಲಿ ಊರಿಗೆ ನೀರು ಬಿಡುವ ಕೆಲಸ.

"ಕುಂದರ್ರಿ ಅಕ್ಕಾ. ಏನಾತು?"

"ಮಗಳು ಅವರಪ್ಪನ ಕೂಡ ಮಾತು ಬಿಟ್ಟಾಳ್ರಿ. ಈ ಬುಕ್ಕಿನ್ಯಾಗಿನ ಹುಡುಗಿ ಬಿಟ್ಟಾಳಂತ, ಇಕಿನೂ ಬಿಟ್ಟಾಳ!"

ನಮ್ಮ ಪಠ್ಯದ ಆ ಕಾದಂಬರಿಯ ಕಥೆ ಸರಳ. ಹರೆಯಕ್ಕೆ ಬಂದ ಹುಡುಗಿ, ಓದಲು ಪಟ್ಟಣಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಅಪ್ಪ ಬೇಡ ಅನ್ನುತ್ತಾನೆ. ಅವತ್ತಿನಿಂದ ಅವಳು ಅವನ ಜೊತೆ ಮಾತಾಡುವುದಿಲ್ಲ. ಆ ಅಧ್ಯಾಯ ಓದಿದ ದಿನ ಕ್ಲಾಸಿನ ಹುಡುಗಿಯರು ಚಪ್ಪಾಳೆ ತಟ್ಟಿದ್ದರು. ನಾನೂ ಹುರುಪಿನಲ್ಲಿ "ಮೌನವೇ ಪ್ರತಿಭಟನೆ" ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದಿದ್ದೆ. ಆ ಪ್ರತಿಭಟನೆ ಸಂಜೆಯ ಬಸ್ ಹತ್ತಿ ಗೋಗಿಗೆ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು?

ರೇಣುಕಾಗೆ ಕಲಬುರಗಿಯಲ್ಲಿ ಎಂ.ಎ. ಮಾಡುವ ಆಸೆ. ಹಾಸ್ಟೆಲ್ ಅಂದ ಕೂಡಲೇ ಶಿವಪ್ಪ "ಬ್ಯಾಡ" ಅಂದರು. ಕಾರಣ ಹೇಳಲಿಲ್ಲ. ಅಲ್ಲಿಗೆ ಮಾತು ಬಂದ್.

"ಎಮ್ಮಿ ಮುಂದ ನಿಂತು, 'ಊಟಕ್ಕ ಕರೀಲಾಕತ್ತಾರ ಅಂತ ಅಪ್ಪಗ ಹೇಳವ್ವಾ' ಅಂತ ಎಮ್ಮಿಗೆ ಅಂತಾಳ್ರಿ. ಅವರಪ್ಪ ಅಲ್ಲೇ ಕುಂತಿರ್ತಾರ. ಅವರೂ ಎಮ್ಮಿಗೇ 'ಹಸಿವಿಲ್ಲ' ಅಂತಾರ!"

ನಗು ಬಂತು. ನಾಗಮ್ಮನ ಕಣ್ಣು ನೋಡಿ ನುಂಗಿಕೊಂಡೆ.

"ಹೋಗ್ಲಿ ಮೇಡಮ್ಮಾರ, ಈ ಬುಕ್ಕಿನ್ಯಾಗ ಕೊನಿಗೆ ಏನಾಕ್ಕೈತ್ರಿ?"

"ಅಪ್ಪ ಸೀರಿಯಸ್ ಆಗಿ ಆಸ್ಪತ್ರಿ ಸೇರ್ತಾನ್ರಿ. ಆಗ ಮಗಳು ಬಂದು ಮಾತಾಡ್ತಾಳ."

"ಅಲ್ಲೀತನಕ?"

"ಇಲ್ರಿ."

"ಅಂದ್ರ ನಮ್ಮ ಮನಿಯವರು ಆಸ್ಪತ್ರಿ ಸೇರೂತನಕ ನಾ ನಡುವ ನಿಂತು ಅವರದು ಇಕಿಗೆ, ಇಕಿದು ಅವರಿಗೆ ಹೇಳ್ಕೋಂತ ಇರಬೇಕೇನ್ರಿ?"

ಇದಕ್ಕೆ ಯಾವ ವಿಮರ್ಶೆಯ ಪುಸ್ತಕದಲ್ಲಿ ಉತ್ತರವಿದೆ, ನೀವೇ ಹೇಳಿ!

ಮರುದಿನ ಕ್ಲಾಸಿನಲ್ಲಿ ಅಸೈನ್‌ಮೆಂಟ್ ಬದಲಿಸಿದೆ. ನಾಯಕಿಯ ಪಾತ್ರ ಬೇಡ, ಅಪ್ಪನ ಪಾತ್ರದ ಬಗ್ಗೆ ಬರೆಯಿರಿ ಅಂದೆ. ರೇಣುಕಾ ಥಟ್ಟನೆ ಎದ್ದಳು. "ಮೇಡಂ, ಆ ಅಪ್ಪ ಇಡೀ ಕಾದಂಬರಿಯಾಗ 'ಬ್ಯಾಡ' ಅನ್ನೋದು ಬಿಟ್ಟು ಏನೂ ಮಾತಾಡಂಗಿಲ್ರಿ. ಏನಂತ ಬರೀಬೇಕು?"

"ಯಾಕ ಬ್ಯಾಡ ಅಂದಿರಬೇಕು ಅಂತ ಮನ್ಯಾಗ ಅಪ್ಪನ್ನ ಕೇಳ್ರಿ. ಅಪ್ಪ ಇಲ್ಲದವರು ಕಾಕಾನ್ನ ಕೇಳ್ರಿ, ಅಜ್ಜನ್ನ ಕೇಳ್ರಿ."

ಅವಳ ಮುಖ ಗಂಟಾಯಿತು. ಮುಂದಿನದನ್ನು ಅವಳೇ ಆಮೇಲೆ ಬಂದು ಹೇಳಿದ್ದು.

ಮೊದಲು ಅವ್ವನ ಕೈಲಿ ಕೇಳಿಸಲು ನೋಡಿದಳಂತೆ. "ಈ ಸಲ ನಾ ಕೇಳಂಗಿಲ್ಲ. ನಿನ್ನ ಪಾಠ, ನೀನೇ ಕೇಳು" ಎಂದು ನಾಗಮ್ಮ ತಲೆ ಎತ್ತದೆ ರೊಟ್ಟಿ ಬಡಿಯುತ್ತಾ ಕೂತರಂತೆ. ಬೇರೆ ದಾರಿ ಇರಲಿಲ್ಲ. ಉಣ್ಣುತ್ತಿದ್ದ ಅಪ್ಪನ ಎದುರು ಹೋಗಿ ಕೂತಳು.

"ಕಾಲೇಜಿನ್ಯಾಗ ಕೇಳ್ಯಾರ. ಒಬ್ಬ ಅಪ್ಪ ಮಗಳಿಗೆ ಊರು ಬಿಟ್ಟು ಹೋಗಬ್ಯಾಡ ಅಂತಾನ. ಯಾಕ ಅಂದಿರಬೇಕು?"

ಶಿವಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಂಡರಂತೆ. ಆಮೇಲೆ, "ಹೆದರ್ಯಾನ" ಅಂದರು.

"ಯಾತಕ್ಕ?"

ಆಗ ಬಂತು ಕಥೆ. ಹುಡುಗನಾಗಿದ್ದಾಗ ಅವರನ್ನು ಓದಲು ಯಾದಗಿರಿಯ ಹಾಸ್ಟೆಲ್ ಒಂದಕ್ಕೆ ಬಿಟ್ಟಿದ್ದರು. ಜೋರು ಜ್ವರ ಬಂದು ಮಲಗಿದಾಗ ಯಾರೂ ಹಣಿಕಿ ಹಾಕಲಿಲ್ಲ. ಕುಡಿಯಲು ನೀರು ಬೇಕೆಂದು ಕೂಗಿ ಕೂಗಿ ಸುಸ್ತಾಗಿ, ಕೊನೆಗೆ ತಾವೇ ಗೋಡೆ ಹಿಡಿದು ಎದ್ದು ಊರ ಬಸ್ ಹತ್ತಿದರು. ಮತ್ತೆ ಶಾಲೆಯ ಮುಖ ನೋಡಲಿಲ್ಲ.

"ಇಷ್ಟು ದಿನ ನಮಗ್ಯಾಕ ಹೇಳಲಿಲ್ಲಪ್ಪ?"

"ಯಾರ್ ಕೇಳಿದ್ರವ್ವ?"

ಒಲೆಯ ಮುಂದೆ ನಾಗಮ್ಮನ ರೊಟ್ಟಿ ಬಡಿಯುವ ಸದ್ದು ನಿಂತೇಹೋಯಿತಂತೆ. ಹೆಂಡತಿಗೂ ಅದೇ ಮೊದಲ ಸಲ ಗೊತ್ತಾದದ್ದು.

ಇಷ್ಟಕ್ಕೆ ಮಗಳು ಕರಗಿ ನೀರಾದಳು ಅಂದುಕೊಂಡಿರಾ? ಅವಳ ಅಸೈನ್‌ಮೆಂಟಿನ ಕೊನೆಯ ಸಾಲು ಹೀಗಿತ್ತು: "ಅಪ್ಪ ಕೆಟ್ಟವನಲ್ಲ, ಹೆದರಿದವನು. ಆದರೂ ತನ್ನ ಹೆದರಿಕೆಯನ್ನು ಮಗಳ ಮೇಲೆ ಹೇರಿದ್ದು ತಪ್ಪು." ಪೂರ್ತಿ ಅಂಕ ಕೊಟ್ಟೆ. ಆ ಸಾಲನ್ನು ಮನೆಯಲ್ಲೂ ಓದಿ ಹೇಳಿದಳಂತೆ. ಶಿವಪ್ಪ ಕೇಳಿಸಿಕೊಂಡು ಎದ್ದು ನೀರು ಬಿಡಲು ಹೋದರಂತೆ.

ಕಳೆದ ವಾರ ಅಪ್ಪ, ಮಗಳು ಇಬ್ಬರೂ ಕಲಬುರಗಿಗೆ ಹೋಗಿ ಹಾಸ್ಟೆಲ್ ನೋಡಿಕೊಂಡು ಬಂದಿದ್ದಾರೆ. ಶಿವಪ್ಪ ಫೀಸು ಕೇಳಲಿಲ್ಲ, ರೂಮು ನೋಡಲಿಲ್ಲ. ಸೀದಾ ಹೋಗಿ ನಲ್ಲಿ ತಿರುಗಿಸಿದರು. ಮಾಳಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. (ಎಲ್ಲಿಂದಲೋ ಇನ್‌ಸ್ಪೆಕ್ಷನ್ ಬಂದಿದೆ ಎಂದು ವಾರ್ಡನ್ ಮೇಡಂ ಗಾಬರಿಯಾಗಿ ಕುರ್ಚಿ ತರಿಸಿದರಂತೆ!) ಹುಡುಗಿಯರಿಗೆ ಹುಷಾರಿಲ್ಲದಾಗ ಯಾರು ನೋಡುತ್ತಾರೆ ಎಂದು ಕೇಳಿ, ಆ ಆಯಾಳನ್ನು ಕರೆಸಿ ಮಾತಾಡಿಸಿದರು.

ಬರುವಾಗ ಬಸ್ಸಿನಲ್ಲಿ ಅಂದರಂತೆ: "ಒಂದು ವರ್ಷ ನೋಡೂಣು."

"ಎಂ.ಎ. ಎರಡು ವರ್ಷ ಐತೆಪ್ಪ!"

ಅಲ್ಲಿಂದ ಮನೆ ಮುಟ್ಟುವವರೆಗೂ, ಮುಟ್ಟಿದ ಮೇಲೂ ಜಗಳ. ಆದರೆ ಮುಖಾಮುಖಿ ಜಗಳ. ನಾಗಮ್ಮ ಫೋನ್ ಮಾಡಿ, "ಮನ್ಯಾಗ ಕಿವಿ ಕೇಳದಂಗ ಆಗ್ಯಾವ್ರಿ ಮೇಡಮ್ಮಾರ" ಅಂದರು. ದನಿಯಲ್ಲಿ ನಗುವಿತ್ತು.

ಅದಿರಲಿ. ದುಡ್ಡು ಬಿಟ್ಟು ಬೇರೇನನ್ನಾದರೂ ನೀವು ನಿಮ್ಮ ಅಪ್ಪನನ್ನು ಕೇಳಿದ್ದು ಯಾವಾಗ?