ಬಿಸಿಗೆ ಕುಗ್ಗಿದ ಮಣ್ಣು

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಮಣ್ಣಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಜೇಡಿಮಣ್ಣಿನ ಜೊತೆ ಏಗಿದವರು. ಹಿತ್ತಾಳೆಯ ಉಂಗುರದೊಳಗೆ ಮಣ್ಣಿನ ಬಿಲ್ಲೆ ಕೂರಿಸಿ, ಮೇಲೆ ತೂಕ ಹೇರಿ, ಎಷ್ಟು ಕುಗ್ಗಿತು ಎಂದು ಡಯಲ್ ನೋಡಿ ಬರೆದಿಡುವುದು ಅವರ ಕೆಲಸ. ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಅದರಲ್ಲಿ ಎಷ್ಟು ನೀರಿದೆ ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಒಣಗಿಸಿ ತೂಗಿದರೆ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು.

ನಾನು ಅಲ್ಲಿಗೆ ಸೇರಿದ್ದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳಾಗಿ. ಬಿಸಿನೀರು ಕೂಡಿಡುವ ದೊಡ್ಡ ತೊಟ್ಟಿಯೊಂದನ್ನು ನೆಲದಡಿ ಕಟ್ಟುವವರಿದ್ದರು. ಆ ಬಿಸಿಗೆ ಸುತ್ತಲಿನ ಜೇಡಿಮಣ್ಣು ಏನಾಗುತ್ತದೆ ಎಂದು ಮೊದಲೇ ಹೇಳುವ ಮಾದರಿಯನ್ನು ನಾನು ಕಟ್ಟಬೇಕಿತ್ತು. ಮಣ್ಣು ಉಬ್ಬುತ್ತದೆ ಎಂದಿತು ನನ್ನ ಮಾದರಿ. ಉಂಗುರವನ್ನು ಹೀಟರಿನಿಂದ ಕಾಯಿಸಿ ನೋಡಿದರೆ, ಕುಗ್ಗಿತು ಎಂದಿತು ಮಣ್ಣಣ್ಣನ ಡಯಲ್. ತಣ್ಣಗಾದ ಮೇಲೂ ಮಣ್ಣು ಮೊದಲಿನ ಎತ್ತರಕ್ಕೆ ಬರಲಿಲ್ಲ.

"ಮಣ್ಣಣ್ಣ, ನಿಮ್ಮ ಹೀಟರ್ ಕೆಟ್ಟಿರಬೇಕು," ಎಂದುಬಿಟ್ಟೆ, ಎಲ್ಲರೆದುರಿಗೇ.

ಅವರು ಜಗಳಕ್ಕೆ ಬರಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು. "ಇರ್ಲಿ ಬಿಡಮ್ಮ, ಇನ್ನೊಂದ್ಸಲ ಮಾಡ್ತೀನಿ."

ಇನ್ನೊಂದ್ಸಲ ಎಂದರೆ ಇಪ್ಪತ್ತೆರಡು ದಿನ. ಅವಸರದಿಂದ ಬಿಸಿ ಏರಿಸಿದರೆ ಮಣ್ಣಿನೊಳಗಿನ ನೀರಿಗೆ ಹೊರಬರಲು ಪುರುಸೊತ್ತೇ ಇರುವುದಿಲ್ಲ. ಅವರು ಹೊಸ ಹೀಟರ್ ಹಾಕಿದರು. ಮಣ್ಣಿನ ಜಾಗದಲ್ಲಿ ಉಕ್ಕಿನ ಬಿಲ್ಲೆ ಇಟ್ಟು, ಬಿಸಿಗೆ ಉಪಕರಣವೇ ಎಷ್ಟು ಹಿಗ್ಗುತ್ತದೆಂದು ಅಳೆದರು. ಆಮೇಲೆ ಎರಡು ಉಂಗುರ ಹೂಡಿದರು. ಒಂದರಲ್ಲಿ ಮೆತ್ತನೆ ಮಣ್ಣು. ಇನ್ನೊಂದರಲ್ಲಿ, ಅದೇ ಮಣ್ಣನ್ನು ಮೊದಲು ಭಾರೀ ತೂಕದಡಿ ಅದುಮಿ, ಬಳಿಕ ತೂಕ ಇಳಿಸಿದ್ದು.

ಭಾನುವಾರಗಳಲ್ಲೂ ಬಂದರು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಊಟದ ಡಬ್ಬಿ ಹಿಡಿದು ಜೊತೆಗೇ ಬಂದು, ಕಿಟಕಿಯ ಬಳಿ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. "ನನ್ನ ಮಂಡಿ ನೋವು ಅಂದ್ರೆ 'ಹೂಂ' ಅಂತಾರೆ. ಈ ಮಣ್ಣು ಕೂದಲೆಳೆಯಷ್ಟು ಅಲ್ಲಾಡಿದ್ರೆ ಸಾಕು, ತುತ್ತು ಬಿಟ್ಟು ಏಳ್ತಾರೆ ನೋಡು!" ಎಂದು ನನ್ನ ಹತ್ತಿರ ದೂರು ಹೇಳುತ್ತಲೇ, ಪೆನ್ಸಿಲ್ ಅವರೇ ಚೂಪು ಮಾಡಿ ಕೊಡುತ್ತಿದ್ದರು.

ಇಪ್ಪತ್ತೆರಡನೆಯ ದಿನ ಮಣ್ಣಣ್ಣ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು. ಮೆತ್ತನೆಯದು ಮತ್ತೆ ಕುಗ್ಗಿತ್ತು. ಅದುಮಿದ್ದು ಉಬ್ಬಿತ್ತು.

"ಹಿಂದೆ ದೊಡ್ಡ ಭಾರ ಹೊತ್ತ ಮಣ್ಣು ಬಿಸಿಗೆ ಉಬ್ಬುತ್ತೆ. ಹೊರದೇ ಇದ್ದದ್ದು ಕುಗ್ಗುತ್ತೆ. ನಿನ್ನ ಕಂಪ್ಯೂಟರ್‌ಗೆ ಇದನ್ನ ಯಾರೂ ಹೇಳಿಲ್ಲ. ಪಾಪ, ಅದ್ರದ್ದೇನು ತಪ್ಪು?" ಎಂದರು.

ನನಗೆ ಮುಖ ಎತ್ತಲಾಗಲಿಲ್ಲ. "ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು, ಮಣ್ಣಣ್ಣ."

"ಅಂದಿದ್ದು ಎಲ್ಲರೆದುರು, ತಪ್ಪಾಯ್ತು ಅನ್ನೋದು ಗುಟ್ಟಾಗೋ?" ಎಂದು ನಕ್ಕುಬಿಟ್ಟರು.

ಸೋಮವಾರದ ಸಭೆಯಲ್ಲಿ ಎದ್ದು ನಿಂತು ಎಲ್ಲರೆದುರಿಗೇ ಹೇಳಿದೆ. ಮಣ್ಣು ಹಿಂದೆ ಹೊತ್ತ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾದರಿಯನ್ನು ತಿದ್ದಲು ನಾಲ್ಕು ತಿಂಗಳು ಹಿಡಿಯಿತು. ತೊಟ್ಟಿಯ ಅಡಿಪಾಯದ ನಕ್ಷೆಯೂ ಬದಲಾಯಿತು. ವರದಿಯಲ್ಲಿ ನನ್ನ ಹೆಸರಿನ ಪಕ್ಕ ಮಣ್ಣಣ್ಣನ ಹೆಸರಿತ್ತು. ಅತ್ತಿಗೆ ಅದನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದರಂತೆ.

ಮಣ್ಣಣ್ಣ ನಿವೃತ್ತರಾದ ಮರುವರ್ಷ ತೊಟ್ಟಿಗೆ ಬಿಸಿನೀರು ತುಂಬಿದರು. ನೆಲ ಹನ್ನೊಂದು ಮಿಲಿಮೀಟರ್ ಕುಸಿಯಿತು. ಮಾದರಿ ಹೇಳಿದ್ದು ಹನ್ನೆರಡು. ಕುಣಿಯುತ್ತ ಫೋನ್ ಮಾಡಿದೆ.

ಮಣ್ಣಣ್ಣ ಎರಡೂ ಅಂಕಿಗಳನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಕೇಳಿದರು: "ಒಂದು ಮಿಲಿಮೀಟರ್ ಎಲ್ಲಿ ಹೋಯ್ತಮ್ಮ?"